ಲೆನ್ಸ್ ಒರೆಸುವ ಸೊಸೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಸ್ಟುಡಿಯೋ ಅಕ್ಕ ಎಂದೇ ಕರೆಯುತ್ತಿದ್ದರು. ಕೇಳಿದವರಿಗೆ ಅವಳು ಫೋಟೋ ತೆಗೆಯುತ್ತಾಳೇನೋ ಅನ್ನಿಸಬೇಕು. ಸ್ಟುಡಿಯೋ ಇದ್ದದ್ದು ಕೆಳಗೆ, ಅವಳಿದ್ದದ್ದು ಮಹಡಿಯಲ್ಲಿ. ಕೆಳಗಿನದು ಗಂಡನದು ಮತ್ತು ಮೈದುನನದು. ಅಲ್ಲಿ ಬಣ್ಣದ ಪರದೆ, ದೀಪಗಳು, ಗಿರಾಕಿ ಕೂರುವ ಸ್ಟೂಲು. ಮೇಲಿನದು ಅತ್ತೆಯದು. ಅಲ್ಲಿ ಒಲೆ, ಸಿಂಕು, ಬಕೆಟ್ಟು. ನಡುವಿನ ಮೆಟ್ಟಿಲನ್ನು ಮಾತ್ರ ಅವಳದು ಎನ್ನಬಹುದಿತ್ತು, ಗುಡಿಸಿ ಒರೆಸುತ್ತಿದ್ದವಳು ಅವಳೊಬ್ಬಳೇ ಆದ್ದರಿಂದ.

ಆ ಮನೆಯಲ್ಲಿ ಕೊಳೆಯಾದದ್ದೆಲ್ಲ ಕಾಲು ಬಂದಂತೆ ಅವಳ ಬಳಿಗೇ ನಡೆದು ಬರುತ್ತಿತ್ತು. ಉಂಡ ತಟ್ಟೆ, ಕಾಲರಿನಲ್ಲಿ ಬೆವರು ಕೂತ ಅಂಗಿ, ಮೈದುನನ ಬೂಟು, ಅತ್ತೆಯ ಕಟ್ಟಿಸಿದ ಹಲ್ಲು. ಲೆನ್ಸೂ ಹಾಗೆಯೇ ಬಂತು.

ಮದುವೆಯಾದ ಹೊಸತರಲ್ಲಿ ಲೆನ್ಸ್ ಒರೆಸುತ್ತಿದ್ದವನು ಗಂಡ. ಬಾಯಿ ಹತ್ತಿರ ಹಿಡಿದು ಹಾ ಎಂದು ಉಸಿರು ಬಿಟ್ಟು, ಅಂಗಿಯ ತುದಿಯಿಂದ ಗಸಗಸ ಉಜ್ಜಿ, ಆಯ್ತು ಎನ್ನುತ್ತಿದ್ದ. ಮುಖಗಳೆಲ್ಲ ಮಂಕು ಬಡಿದಂತೆ ಬರತೊಡಗಿದಾಗ ಕ್ಯಾಮೆರಾ ರಿಪೇರಿಯ ಮುದುಕನನ್ನು ಕರೆಸಬೇಕಾಯಿತು. ಮುದುಕ ಲೆನ್ಸನ್ನು ದೀಪಕ್ಕೆ ಹಿಡಿದು ನೋಡಿ, "ಇದನ್ನ ಯಾವ ಗಂಡಭೇರುಂಡ ಒರೆಸಿದ್ದು?" ಎಂದು ಕೇಳಿದ. ಆಮೇಲೆ ತಾನೇ ಕಲಿಸಲು ಕೂತ. "ಮೊದಲು ಗಾಳಿ ಊದು, ಬಾಯಿಂದಲ್ಲ, ಈ ರಬ್ಬರ್ ಬಲ್ಬಿಂದ. ಆಮೇಲೆ ಮೆತ್ತನೆ ಬ್ರಷ್ಷು. ಧೂಳೆಲ್ಲ ಹೋದ ಮೇಲೇನೇ ತೇವ ತಾಗಿಸೋದು. ಧೂಳಿದ್ದಾಗ ಉಜ್ಜಿದ್ಯೋ, ಮರಳಲ್ಲಿ ಕೆನ್ನೆ ಉಜ್ಜಿದ ಹಾಗೆ. ಈ ಒರೆಸೋ ಔಷಧೀನ ಗಾಜಿನ ಮೇಲೆ ಹಾಕಬೇಡ, ಲೆನ್ಸ್ ಕಾಗದಕ್ಕೆ ಹಾಕು. ಅಂಚಿಂದ ಒಳಗಿಳಿದ್ರೆ ಕಥೆ ಮುಗೀತು. ನಡುವಿಂದ ಸುತ್ತುತ್ತಾ ಸುತ್ತುತ್ತಾ ಹೊರಗೆ ಬಾ. ಒಂದು ಕಾಗದ, ಒಂದೇ ಸಲ."

ಗಂಡ ಫೋನು ನೋಡುತ್ತ ಹೂಂ ಹೂಂ ಎನ್ನುತ್ತಿದ್ದ. ಟೀ ತಂದವಳು ಟ್ರೇ ಹಿಡಿದು ನಿಂತೇ ಇದ್ದಳು, ಲೋಟ ತೆಗೆದುಕೊಳ್ಳಲಿ ಎಂದು. ಮುದುಕ ಹೋದ ಮೇಲೆ ಗಂಡ ಕೇಳಿದ. "ಏನೇ ಅವನು ಹೇಳಿದ್ದು? ಮೊದಲು ಏನು?"

ಅವಳು ಹೇಳಿದಳು.

"ಅಯ್ಯೋ, ಹಾಗಾದ್ರೆ ನೀನೇ ಮಾಡು ಬಿಡು. ಒರೆಸೋದು ತಾನೆ?"

ಅವತ್ತಿನಿಂದ ಅದೂ ಪಾತ್ರೆಗಳ ಸಾಲಿಗೆ ಸೇರಿತು. ಮಧ್ಯಾಹ್ನ ಅಡುಗೆಮನೆ ಒಂದು ಹದಕ್ಕೆ ಬಂದ ಮೇಲೆ ಅವಳು ಕೈಯನ್ನು ಎರಡು ಸಲ ಸೋಪಿನಲ್ಲಿ ತೊಳೆದು, ಬಳೆ ತೆಗೆದಿಟ್ಟು, ಕಿಟಕಿ ಪಕ್ಕ ಕೂರುತ್ತಿದ್ದಳು. ಹಾಲಿನ ಸೋಫಾದಲ್ಲಿ ಮಲಗಿದಲ್ಲಿಂದಲೇ ಅತ್ತೆ ಶುರು ಮಾಡುತ್ತಿದ್ದರು.

"ಲೋಟದ ತಳದಷ್ಟಗಲ ಗಾಜು. ಅದಕ್ಕೆ ಇಡೀ ಮಧ್ಯಾಹ್ನ! ನಾನಾಗಿದ್ರೆ ಅಷ್ಟರಲ್ಲಿ ಮನೆ ಕಿಟಕಿಗಳನ್ನೆಲ್ಲ ಫಳಫಳ ಅನ್ನಿಸಿ ಒಂದು ನಿದ್ದೆ ತೆಗೀತಿದ್ದೆ."

"ಇದು ಕಿಟಕಿ ಅಲ್ಲ ಅತ್ತೆ."

"ಗಾಜು ಗಾಜೇ ಕಣಮ್ಮ. ಕೈಯಲ್ಲಿ ಕಸುವಿರಬೇಕು ಅಷ್ಟೆ. ನನ್ನ ಕೈ ನೋಡು, ತಳ ಸೀದ ಪಾತ್ರೇಲಿ ಮುಖ ಕಾಣೋ ಹಾಗೆ ಉಜ್ಜಿದ ಕೈ ಇದು."

ಉಜ್ಜಿದ್ದರು, ಸುಳ್ಳಲ್ಲ. ಸೊಸೆ ಬಂದ ದಿನ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತವರು ಮತ್ತೆ ಅದಕ್ಕೆ ನೀರು ಸೋಕಿಸಿರಲಿಲ್ಲ.

ಒರೆಸಿದ್ದು ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಫೋಟೋ ತೆಗೆದು ಪರೀಕ್ಷಿಸಬೇಕಿತ್ತು. ಅಷ್ಟಕ್ಕೆ ಅಪ್ಪಣೆಯಿತ್ತು. ಅವಳು ತೆಗೆಯುತ್ತಿದ್ದಳು: ಕಿಟಕಿಯ ಸರಳು, ಹಿಂಡಿ ಹಾಕಿದ ಟವೆಲ್ಲಿನ ಮಡಿಕೆ, ಬಾಯಿ ತೆರೆದು ಮಲಗಿದ ಅತ್ತೆ. ನೋಡಿ, ಸರಿಯಿದೆ ಎಂದು ಅಳಿಸುತ್ತಿದ್ದಳು. ಬೆಳಕು ಯಾವ ಕಡೆಯಿಂದ ಬಿದ್ದರೆ ಟವೆಲ್ಲು ಟವೆಲ್ಲಿನಂತೆ ಕಾಣುತ್ತದೆ, ಯಾವ ಕಡೆಯಿಂದ ಬಿದ್ದರೆ ಬೆಟ್ಟದಂತೆ ಕಾಣುತ್ತದೆ ಎಂಬುದೆಲ್ಲ ತೆಗೆದು ಅಳಿಸಿ, ತೆಗೆದು ಅಳಿಸಿಯೇ ಅವಳಿಗೆ ಗೊತ್ತಾಗಿತ್ತು. ಒಮ್ಮೆ ಗಿರಾಕಿಯೊಬ್ಬರ ಫೋಟೋ ತಾನು ತೆಗೆಯಲೇ ಎಂದು ಕೇಳಿದ್ದಳು. ಗಂಡ ಗಿರಾಕಿಯ ಮುಂದೆಯೇ ನಕ್ಕಿದ್ದ. "ಇವಳಿಗೆ ಒಂದು ಕಣ್ಣು ಮುಚ್ಚೋಕೆ ಬರೋಲ್ಲ ಸಾರ್, ಮುಚ್ಚಿದ್ರೆ ಎರಡೂ ಮುಚ್ಕೊಂಡು ನಿದ್ದೆ ಹೋಗ್ತಾಳೆ."

ಬೀದಿಯ ಕೊನೆಯಲ್ಲಿ ಹೆರಿಗೆ ಆಸ್ಪತ್ರೆಯಿತ್ತು. ಅಲ್ಲಿನ ದೊಡ್ಡ ನರ್ಸು ಒಂದು ಶುಕ್ರವಾರ ಗುರುತಿನ ಚೀಟಿಯ ಫೋಟೋ ತೆಗೆಸಲು ಬಂದವಳು ಮಾತಿಗೆ ಮಾತು ಬಂದು ಹೇಳಿದಳು. ಹುಟ್ಟಿದ ಪ್ರತಿ ಮಗುವಿನದೂ ಒಂದು ಫೋಟೋ ತೆಗೆದು, ಚೌಕಟ್ಟು ಹಾಕಿಸಿ ತಾಯಿಗೆ ಕೊಡಬೇಕೆಂದು ಆಸ್ಪತ್ರೆಯವರು ತೀರ್ಮಾನಿಸಿದ್ದಾರಂತೆ. ದಿನವೂ ಕೆಲಸ, ವರ್ಷವಿಡೀ ಕೆಲಸ.

"ನಾಳೇನೇ ಬರ್ತೀವಿ," ಎಂದ ಗಂಡ.

"ನೀವಲ್ಲ. ವಾರ್ಡಿಗೆ ಗಂಡಸರನ್ನ ಬಿಡೋಲ್ಲ. ಹಸಿ ಬಾಣಂತಿಯರು, ಎದೆ ತೆರೆದು ಮಲಗಿರ್ತಾರೆ. ನಿಮ್ಮನೇಲಿ ಹೆಂಗಸರು ಯಾರೂ ತೆಗೆಯೋಲ್ವಾ?"

"ನಾನು ತೆಗೀತೀನಿ," ಎಂಬ ಮಾತು ಮೆಟ್ಟಿಲಿನಿಂದ ಬಂತು. ಎಲ್ಲರೂ ತಿರುಗಿ ನೋಡಿದರು. ಮೆಟ್ಟಿಲ ಮೇಲೆ ಬಕೆಟ್ಟು, ಒರೆಸುವ ಬಟ್ಟೆ ಮತ್ತು ಅವಳು. ಯಾರು ಮಾತಾಡಿದ್ದು ಎಂದು ಅವಳಿಗೇ ಒಂದು ಗಳಿಗೆ ಅನುಮಾನವಾಯಿತು.

"ಸರಿ ಅಕ್ಕ, ಸೋಮವಾರ ಬೆಳಗ್ಗೆ ಬನ್ನಿ," ಎಂದಳು ನರ್ಸು. "ಒಂದು ಮಗೂದು ತೆಗೆದು ತೋರಿಸಿ. ಚೆನ್ನಾಗಿ ಬಂದ್ರೆ ಕೆಲಸ ನಿಮ್ಮದೇ."

ರಾತ್ರಿ ಊಟಕ್ಕೆ ಕೂತಾಗ ಗಂಡ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸರಿ ಮಹಾರಾಣಿ, ಹೋಗು. ಯಾವ ಕ್ಯಾಮೆರಾ ತಗೊಂಡು ಹೋಗ್ತೀಯ? ನಂದಂತೂ ಕೊಡೋಲ್ಲ. ತಮ್ಮಂದು?"

"ನಂದು ಬೆಳಗ್ಗೆಯಿಂದ ರಾತ್ರಿವರೆಗೂ ಕೆಲಸದಲ್ಲಿರುತ್ತಪ್ಪ," ಎಂದ ಮೈದುನ.

"ಬೀರುವಿನಲ್ಲಿ ಹಳೇದೊಂದಿದೆಯಲ್ಲ," ಎಂದಳು ಅವಳು.

ಇತ್ತು. ಅದಕ್ಕೆ ಇದ್ದದ್ದು ಒಂದೇ ಲೆನ್ಸು, ತೀರಾ ಹತ್ತಿರದಿಂದ ತೆಗೆಯುವಂಥದ್ದು. ಯಾವುದೋ ಪಾರ್ಟಿಯಲ್ಲಿ ಮೈದುನ ಅದರ ಮೇಲೆ ಬಣ್ಣದ ಸೋಡಾ ಚೆಲ್ಲಿ, ಹೆದರಿ, ಬೆರಳಿನಿಂದ ಬಳಿದು, ಹಾಗೆಯೇ ಚೀಲಕ್ಕೆ ತುರುಕಿದ್ದ. ಸಿಕ್ಕಾಗ ಗಾಜಿನ ಮೇಲೆ ಕಂದು ಹಕ್ಕಳೆಗಳು ಕಟ್ಟಿದ್ದವು. ರಿಪೇರಿಯ ಮುದುಕನೂ ಬದುಕಿದ್ದಾಗ ಅದನ್ನು ನೋಡಿ ತಲೆಯಾಡಿಸಿ ಇಟ್ಟುಹೋಗಿದ್ದ.

ಗಂಡ ನಗತೊಡಗಿದ. "ಆ ಸತ್ತ ಲೆನ್ಸನ್ನ ಬದುಕಿಸ್ಕೋ, ತಗೊಂಡು ಹೋಗು. ನಾನೇನಾದ್ರೂ ಬೇಡ ಅಂದ್ನಾ? ಅಮ್ಮಾ, ನೀನೇ ಸಾಕ್ಷಿ."

"ಉಜ್ಜಿ ಉಜ್ಜಿ ಗಾಜೇ ಕರಗಿಸಿಬಿಡ್ತಾರೆ ಅತ್ತಿಗೆ," ಎಂದ ಮೈದುನ.

ಅತ್ತೆ ತಟ್ಟೆಯಿಂದ ತಲೆಯೆತ್ತಲಿಲ್ಲ. "ಹೆರದವಳಿಗೆ ಹೆರಿಗೆ ಆಸ್ಪತ್ರೇಲೇನು ಕೆಲಸ? ಮಕ್ಕಳಿಗೆ ದೃಷ್ಟಿಯಾಗುತ್ತೆ ಅಂತ ನಾಳೆ ಯಾರಾದ್ರೂ ಅಟ್ಟಿಸಿಕೊಂಡು ಬಂದ್ರೆ ಮಾನ ಹೋಗೋದು ನಮ್ಮದು."

ಇದಕ್ಕೆ ಯಾರೂ ನಗಲಿಲ್ಲ. ಹಾಗನ್ನಬೇಡ ಎಂದೂ ಯಾರೂ ಹೇಳಲಿಲ್ಲ. ಗಂಡ ಇನ್ನೊಂದು ಸಲ ಬಡಿಸು ಎಂದು ತಟ್ಟೆ ಮುಂದೆ ಹಿಡಿದ. ಅವಳು ಬಡಿಸಿದಳು.

ಭಾನುವಾರ ಅವಳು ಕಿಟಕಿ ಪಕ್ಕ ಕೂತಳು. ಊದಿದಳು, ಬ್ರಷ್ಷು ಆಡಿಸಿದಳು, ಕಾಗದಕ್ಕೆ ಔಷಧಿ ಹನಿಸಿ ನಡುವಿನಿಂದ ಸುತ್ತಿದಳು. ಕಲೆಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇನ್ನೊಂದು ಕಾಗದ, ಇನ್ನೊಂದು ಸುತ್ತು. ಕಂದು ಹಕ್ಕಳೆ ಹಾಗೆಯೇ ಕೂತಿತ್ತು. ಸ್ವಲ್ಪ ಒತ್ತೋಣ ಎಂದು ಬೆರಳು ಹೇಳಿತು. ಒತ್ತಿದರೆ ಗಾಜಿನ ಮೇಲಿನ ತೆಳು ಲೇಪವೇ ಎದ್ದುಹೋಗುತ್ತದೆಂದು ಬೆರಳಿಗೂ ಗೊತ್ತಿತ್ತು.

"ಲೇ, ಟೀ ಆಯ್ತಾ?" ಎಂದು ಕೆಳಗಿನಿಂದ ಕೂಗು. ಎದ್ದಳು, ಟೀ ಮಾಡಿದಳು. ಸಿಂಕಿನಲ್ಲಿ ಬೆಳಗಿನ ತಟ್ಟೆಯೊಂದು ಬಿದ್ದಿತ್ತು, ಜಾಮು ಒಣಗಿ ಅಂಟಿಕೊಂಡದ್ದು. ಅದಕ್ಕೆ ಒಂದಿಷ್ಟು ನೀರು ಹಾಕಿ ನೆನೆಯಲು ಬಿಟ್ಟಳು. ಬಿಟ್ಟವಳು ಹಾಗೆಯೇ ನಿಂತಳು. ಸೋಡಾ ಎಂದರೆ ಸಕ್ಕರೆ. ಸಕ್ಕರೆಗೆ ಔಷಧಿಯಿಂದ ಏನಾಗಬೇಕು? ಅದಕ್ಕೆ ನೀರು ಬೇಕು, ಪುರುಸೊತ್ತು ಬೇಕು.

ಆದರೆ ನಲ್ಲಿಯ ನೀರು ಒಣಗಿದರೆ ಉಪ್ಪಿನ ಬಿಳಿ ಕಲೆ ಬಿಡುತ್ತದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಆಸ್ಪತ್ರೆಯ ಗೇಟಿಗೆ ಹೋಗಿ ದೊಡ್ಡ ನರ್ಸನ್ನು ಕರೆಸಿದಳು. ಇಂಜೆಕ್ಷನ್ನಿಗೆ ಬೆರೆಸುವ ಶುದ್ಧ ನೀರಿನ ಒಂದು ಪುಟ್ಟ ಸೀಸೆ ಬೇಕಿತ್ತು.

"ಯಾರಿಗೆ ಹುಷಾರಿಲ್ಲ?"

"ಲೆನ್ಸಿಗೆ."

ನರ್ಸು ಗೇಟಿಗೆ ಒರಗಿ ನಕ್ಕಳು. ಸೀಸೆ ತಂದುಕೊಟ್ಟು, "ಗುಣವಾದ್ರೆ ನಾಳೆ ಕರ್ಕೊಂಡು ಬನ್ನಿ," ಎಂದಳು.

ಲೆನ್ಸ್ ಕಾಗದವನ್ನು ಅವಳು ಕಲೆಗಿಂತ ಚಿಕ್ಕದಾಗಿ ಕತ್ತರಿಸಿದಳು, ನೀರು ಅಂಚಿಗೆ ಹರಿಯಬಾರದಲ್ಲ. ಚೂರನ್ನು ನೀರಲ್ಲಿ ತೋಯಿಸಿ, ಹಿಂಡಿ, ಹಕ್ಕಳೆಯ ಮೇಲೆ ಮಲಗಿಸಿದಳು. ಹಾಗೆಯೇ ಬಿಟ್ಟು ಬಟ್ಟೆ ಮಡಿಸಿದಳು. ಚೂರನ್ನು ಎತ್ತಿದಾಗ ಅದಕ್ಕೆ ತುಸು ಕಂದು ಹತ್ತಿತ್ತು. ಹೊಸ ಚೂರು. ತರಕಾರಿ ಹೆಚ್ಚಿದಳು, ಕೈ ತೊಳೆದಳು. ಹೊಸ ಚೂರು. ಅತ್ತೆಯ ಕಾಲು ಒತ್ತಿದಳು, ಕೈ ತೊಳೆದಳು. ಹೊಸ ಚೂರು. ಒಂದು ಸಲವೂ ಉಜ್ಜಲಿಲ್ಲ. ಕಲೆ ತಾನೇ ಬೇಸತ್ತು ಗಾಜಿನ ಕೈ ಬಿಟ್ಟಿತು. ಉಳಿದದ್ದು ಮೈದುನನ ಬೆರಳಿನ ಜಿಡ್ಡು. ಅದು ಔಷಧಿಗೆ ಎರಡೇ ಸುತ್ತಿನಲ್ಲಿ ಹೋಯಿತು.

ಕಿಟಕಿಯ ಕಟ್ಟೆಯ ಮೇಲೆ ಇರುವೆಯೊಂದು ಜಾಮಿನ ಕಣ ಹೊತ್ತು ಹೋಗುತ್ತಿತ್ತು. ಪರೀಕ್ಷೆಗೆ ಅದನ್ನೇ ತೆಗೆದಳು. ಇರುವೆಯ ಮೀಸೆ, ಕಾಲಿನ ಗೆಣ್ಣು, ಕಣದ ಒಳಗೆ ನಿಂತ ಬೆಳಕು. ಅದೊಂದನ್ನು ಅವಳು ಅಳಿಸಲಿಲ್ಲ.

ಸಂಜೆ ಗಂಡ ಅದನ್ನು ನೋಡಿದ. ದೊಡ್ಡದು ಮಾಡಿ ನೋಡಿದ. ಲೆನ್ಸನ್ನು ದೀಪಕ್ಕೆ ಹಿಡಿದು ತಿರುಗಿಸಿದ. "ಪರವಾಗಿಲ್ವೇ!" ಎಂದು ತಮ್ಮನ ಕೈಗೆ ಕೊಟ್ಟ. ತಮ್ಮ ಸಿಳ್ಳೆ ಹಾಕಿದ. ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಅವಳು ನೋಡಿದಳು. ಸಂತೋಷಕ್ಕೆ ಅಂದುಕೊಂಡಳು. ಆ ಮನೆಗೆ ಬಂದು ಇಷ್ಟು ವರ್ಷವಾದರೂ ಹಾಗಂದುಕೊಂಡಳು.

ಸೋಮವಾರ ಬೇಗ ಎದ್ದು ಅಡುಗೆ ಮುಗಿಸಿ, ಮಧ್ಯಾಹ್ನದ್ದೂ ಮಾಡಿ ಮುಚ್ಚಿಟ್ಟು, ತಲೆ ಬಾಚಿ, ಹಳೇ ಕ್ಯಾಮೆರಾ ತೆಗೆದುಕೊಳ್ಳಲು ಹೋದರೆ ಅದರ ಮೂತಿ ಖಾಲಿ. ಕೆಳಗೆ ಇಳಿದು ಬಂದಳು. ಮೈದುನ ಲೆನ್ಸನ್ನು ತನ್ನ ಕ್ಯಾಮೆರಾಕ್ಕೆ ತಿರುಗಿಸಿ ಕೂಡಿಸುತ್ತಿದ್ದ.

"ಅದು ನಂಗೆ ಬೇಕು. ಆಸ್ಪತ್ರೆಗೆ."

"ಒಡವೆ ಅಂಗಡಿಯವರು ಎರಡು ದಿನದ ಕೆಲಸ ಕೊಟ್ಟಿದ್ದಾರೆ ಅತ್ತಿಗೆ. ಓಲೆ, ಉಂಗುರ, ಎಲ್ಲ ಹತ್ತಿರದಿಂದಾನೇ ತೆಗೀಬೇಕು. ಇದೇ ಸರಿ."

ಅವಳು ಗಂಡನ ಕಡೆ ತಿರುಗಿದಳು. "ನೀವೇ ಹೇಳಿದ್ರಲ್ಲ, ಬದುಕಿಸ್ಕೋ, ತಗೊಂಡು ಹೋಗು ಅಂತ."

"ಸತ್ತ ಲೆನ್ಸ್ ತಗೊಂಡು ಹೋಗು ಅಂದಿದ್ದೆ. ಇದು ಸತ್ತಿದ್ಯಾ?" ಅವನಿಗೆ ತನ್ನ ಮಾತು ತನಗೇ ಹಿಡಿಸಿತು. "ಒಳ್ಳೆ ಲೆನ್ಸು ಕಣೇ ಈಗ. ಇಂಥದ್ದು ಆ ವಾರ್ಡಿಗೆ ಯಾಕೆ? ಹುಟ್ಟಿದ ಮಗು ಯಾವ ಲೆನ್ಸಲ್ಲಿ ತೆಗೆದ್ರೂ ಇಲಿಮರಿ ತರಾನೇ ಕಾಣೋದು."

"ನಾನು ಬದುಕಿಸಿದ್ದು ರೀ ಅದು."

"ನನ್ನ ಅಂಗೀನೂ ನೀನೇ ಒಗೆಯೋದು. ಹಾಕ್ಕೊಂಡು ಓಡಾಡ್ತೀಯಾ?"

ಮೈದುನ ನಗು ತಡೆಯಲಾರದೆ ಬಾಗಿಲು ದಾಟಿದ.

ಅವಳು ನರ್ಸಿಗೆ ಫೋನು ಮಾಡಿದಳು. ಲೆನ್ಸು ಇವತ್ತು ಕೈಗೆ ಸಿಗಲಿಲ್ಲ ಎಂದಳು. "ನಾಳೆ ಬೆಳಗ್ಗೆ ಬನ್ನಿ ಹಾಗಾದ್ರೆ," ಎಂದಳು ನರ್ಸು. "ನಾಳೇನೂ ಆಗದಿದ್ರೆ ನನಗೆ ಗೊತ್ತಿರೋ ಹುಡುಗಿಯೊಬ್ಬಳಿದ್ದಾಳೆ ಅಕ್ಕ, ಅವಳನ್ನ ಕರೀಬೇಕಾಗುತ್ತೆ. ಮೇಲಿನವರು ಕೇಳ್ತಿದ್ದಾರೆ."

ಸಂಜೆ ಮೈದುನ ಬಂದ. ಲೆನ್ಸಿನ ಮೇಲೆ ಅಡ್ಡಕ್ಕೆ ಒಂದು ಹೆಬ್ಬೆಟ್ಟು, ಬೂದು ಬಣ್ಣದ್ದು. ಬೆಳ್ಳಿಗೆ ಹೊಳಪು ಕೊಡುವ ಪೇಸ್ಟು ಹತ್ತಿದ ಕೈಯಲ್ಲಿ ಅಂಗಡಿಯವನು ಮುಟ್ಟಿದ್ದನಂತೆ. "ಬೆಳಗ್ಗೆ ಬಳೆಗಳಿವೆ ಅತ್ತಿಗೆ. ಬೇಗ ಒರೆಸಿಬಿಡಿ."

ಅವಳು ಅಡುಗೆಮನೆಯ ಕಟ್ಟೆಯ ಬಳಿ ಹಸಿಮೆಣಸಿನಕಾಯಿ ಹೆಚ್ಚುತ್ತಿದ್ದಳು. "ನಾಳೆ ಅದು ನಂಗೆ ಬೇಕು. ನಾಳೆ ಹೋಗದಿದ್ರೆ ಕೆಲಸ ಹೋಗುತ್ತೆ."

"ಮತ್ತೆ ಅದೇ ರಾಗ," ಎಂದ ಗಂಡ ಹಾಲಿನಿಂದ, ಫೋನಿನಿಂದ ಕಣ್ಣೆತ್ತದೆ.

ಅವಳು ಲೆನ್ಸನ್ನು ನೋಡಿದಳು. ಊದಿ, ತೇವದಲ್ಲಿ ತೇಲಿಸಿ ತೆಗೆದರೆ ಆ ಹೆಬ್ಬೆಟ್ಟು ಅರ್ಧ ಗಳಿಗೆಯ ಕೆಲಸ. ತೆಗೆದುಕೊಟ್ಟರೆ ಬೆಳಗ್ಗೆ ಅದು ಬಳೆಗಳ ಮುಂದೆ ನಿಂತಿರುತ್ತದೆ. ನಾಡಿದ್ದು ಇನ್ನೊಂದು ಬೆರಳು ಹತ್ತಿಸಿಕೊಂಡು ಅವಳ ಬಳಿಗೇ ಬರುತ್ತದೆ. ಅದನ್ನು ಅವಳೇ ಕೆಡಿಸಬೇಕಾಗಿಯೂ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

"ನನ್ನ ಕೈಯೆಲ್ಲ ಮೆಣಸಿನಕಾಯಿ ಖಾರ," ಎಂದಳು ಜೋರಾಗಿ, ಹಾಲಿಗೆ ಕೇಳುವಂತೆ. "ಅತ್ತೆ ಒರೆಸಿಕೊಡ್ತಾರೆ. ಅವರ ಕೈಗೆ ಸಿಕ್ಕ ಮೇಲೆ ಕಲೆ ನಿಲ್ಲುತ್ತಾ?"

"ಯಾರಾದ್ರೂ ಒಬ್ರು ಒರೆಸಿ ಸಾಯಿರಿ," ಎಂದ ಗಂಡ.

ಅತ್ತೆ ಸೋಫಾದಿಂದ ಏಳುತ್ತಿದ್ದ ರೀತಿಯಲ್ಲೇ ಒಂದು ಹಬ್ಬವಿತ್ತು. "ತಾ ಇಲ್ಲಿ. ಇವಳು ಇಡೀ ದಿನ ಸವರ್ತಾ ಕೂತ್ಕೊಳ್ಳೋದನ್ನ ನಾನು ಚಿಟಿಕೆ ಹೊಡೆಯೋದ್ರೊಳಗೆ ಮಾಡಿ ತೋರಿಸ್ತೀನಿ," ಎನ್ನುತ್ತ ಲೆನ್ಸನ್ನು ಲೋಟದಂತೆ ಹಿಡಿದು ಸಿಂಕಿನ ಬಳಿಗೆ ಬಂದರು. ಅವಳ ಬೆನ್ನ ಹಿಂದೆಯೇ ಸಿಂಕು. ನಲ್ಲಿ ಬಿಟ್ಟ ಸದ್ದು. ಡಬ್ಬಿಯ ಮುಚ್ಚಳ ಕಳಚಿದ ಸದ್ದು, ಪಾತ್ರೆ ಪುಡಿಯ ಡಬ್ಬಿಯದು. ಆಮೇಲೆ ನಾರಿನ ಉಂಡೆ ಗಾಜಿನ ಮೇಲೆ ಸುತ್ತುವ ಕರಕರ. ಅತ್ತೆಯ ಕೈ ಕಸುವು ಕಳೆದುಕೊಂಡಿರಲಿಲ್ಲ. ತಿರುಗಿ ನಿಂತು ಒಂದು ಮಾತು ಹೇಳಲು ಬೇಕಾದಷ್ಟು ಸಮಯವಿತ್ತು. ಅವಳು ಮೆಣಸಿನಕಾಯಿಯನ್ನು ಸಣ್ಣಗೆ, ಇನ್ನೂ ಸಣ್ಣಗೆ ಹೆಚ್ಚಿದಳು.

ಅತ್ತೆ ಟವೆಲ್ಲಿನಲ್ಲಿ ಒರೆಸಿ ಹಾಲಿಗೆ ಒಯ್ದರು. "ತಗೋಪ್ಪ. ಒಂದು ಕಲೆ ಇದ್ರೆ ತೋರಿಸು."

ಒಂದು ಕಲೆಯೂ ಇರಲಿಲ್ಲ. ಗಾಜು ಹಾಲಿನಷ್ಟು ಬೆಳ್ಳಗಾಗಿತ್ತು, ಪೊರೆ ಬಂದ ಕಣ್ಣಿನ ಹಾಗೆ.

ಗಂಡನ ಬಾಯಲ್ಲಿ ಅವತ್ತು ಬಂದ ಮಾತುಗಳೆಲ್ಲ ಅವಳಿಗೆ ಪರಿಚಯದವೇ, ದಿನವೂ ಕೇಳಿದವು. ಅವು ಮೊದಲ ಸಲ ಬೇರೆ ಕಡೆಗೆ ಹೋಗುತ್ತಿದ್ದವು ಅಷ್ಟೆ. "ಕಣ್ಣು ಕಾಣದ ಮುದುಕಿ, ನಿಂಗ್ಯಾಕೆ ಬೇಕಿತ್ತು? ತಿಂದು ಬಿದ್ದಿರೋಕಾಗಲ್ವಾ ಮೂಲೇಲಿ?" ಮೈದುನ ತಲೆಯ ಮೇಲೆ ಕೈ ಹೊತ್ತು, "ನಾಳೆ ಅಂಗಡಿಯವರಿಗೆ ಏನು ಹೇಳಲಿ? ನಿನ್ನ ಕೈಚಳಕ ತೋರಿಸ್ಲಾ ಅಮ್ಮಾ?" ಎಂದ. ಗಂಡ ಕೊನೆಗೆ, "ಅಷ್ಟು ಉಜ್ಜೋ ಚಪಲ ಇದ್ರೆ ನಾಳೆಯಿಂದ ಮನೆ ಪಾತ್ರೆಯೆಲ್ಲ ನೀನೇ ಉಜ್ಜು," ಎಂದು ಲೆನ್ಸನ್ನು ಅಡುಗೆಮನೆಯ ಕಟ್ಟೆಗೆ ತಂದು ಕುಕ್ಕಿ, ಹೆಂಡತಿಗೆ ಹೇಳಿದ. "ಈಗ ಸತ್ತಿದೆ ನೋಡು. ತಗೊಂಡು ಹೋಗು ನಿನ್ನ ಆಸ್ಪತ್ರೆಗೆ."

ಅವರಿಬ್ಬರೂ ಕೆಳಗಿಳಿದ ಮೇಲೆ ಅತ್ತೆ ಬಾಗಿಲಲ್ಲಿ ನಿಂತರು. ಕೈಯಿನ್ನೂ ಒದ್ದೆಯಿತ್ತು.

"ನಿಂಗೆ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು."

"ಹೇಳಬಹುದಿತ್ತು ಅತ್ತೆ."

ಬೆಳಗ್ಗೆ ಅವಳು ಅದನ್ನೇ ಹಳೇ ಕ್ಯಾಮೆರಾಕ್ಕೆ ತಿರುಗಿಸಿ ಕೂಡಿಸಿ ಆಸ್ಪತ್ರೆಗೆ ಹೋದಳು. ಆಸೆ ಎಂಬುದು ಅಷ್ಟು ಸುಲಭಕ್ಕೆ ನಾಚುವುದಿಲ್ಲ. ವಾರ್ಡಿನ ಕಿಟಕಿಯಲ್ಲಿ ಬೆಳಕು ಧಾರಾಳವಾಗಿತ್ತು. ಮೊದಲ ಮಂಚದಲ್ಲಿ ಚಿಕ್ಕ ವಯಸ್ಸಿನ ಬಾಣಂತಿ, ತೋಳಲ್ಲಿ ಮಗು. ಮುಷ್ಟಿ ಬಿಗಿದು, ಹುಬ್ಬು ಗಂಟಿಕ್ಕಿ, ಯಾರ ಮೇಲೋ ಸಿಟ್ಟಾದಂತೆ ಮಲಗಿತ್ತು. ಅವಳು ಬೆಳಕು ಕೆನ್ನೆಗೆ ಬೀಳುವಂತೆ ಮಂಚವನ್ನು ಸರಿಸಿದಳು. ಬಾಗಿದಳು. ಒಂದು ಕಣ್ಣು ಮುಚ್ಚಿದಳು. ಅಷ್ಟು ಹತ್ತಿರದಲ್ಲಿ ಮಗುವಿನ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು. ಲೆನ್ಸಿನೊಳಗೆ ಮಾತ್ರ ಮಗು ಇರಲಿಲ್ಲ. ಮಂಜಿನಲ್ಲಿ ಒಂದು ಕೆಂಪು ಮುದ್ದೆಯಿತ್ತು. ತೆಗೆದಳು. ಪಕ್ಕಕ್ಕೆ ಸರಿದು, ಸೆರಗಿನ ನೆರಳು ಮಾಡಿ ಇನ್ನೊಂದು ತೆಗೆದಳು.

ದೊಡ್ಡ ನರ್ಸು ನೋಡಿದಳು. ಕ್ಯಾಮೆರಾವನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

ನರ್ಸಿನ ಮುಖ ನೋಡಿ ಬಾಣಂತಿ ಗಾಬರಿಯಾದಳು. "ಏನು ಸಿಸ್ಟರ್? ನನ್ನ ಮಗೂಗೆ ಏನಾಗಿದೆ?"

"ಏನೂ ಆಗಿಲ್ಲಮ್ಮ, ಮಲಗು." ಆಮೇಲೆ ಸ್ಟುಡಿಯೋ ಅಕ್ಕನನ್ನು ಬಾಗಿಲ ಹೊರಗೆ ಕರೆದು ತಂದು, ತಗ್ಗಿದ ದನಿಯಲ್ಲಿ ಹೇಳಿದಳು. "ಇದನ್ನ ಚೌಕಟ್ಟು ಹಾಕಿಸಿ ಕೊಟ್ರೆ ನನ್ನ ಕೆಲಸ ಹೋಗುತ್ತೆ ಅಕ್ಕ. ಆ ಹುಡುಗೀನ ಕರೀತೀನಿ. ಬೇಜಾರು ಮಾಡ್ಕೋಬೇಡಿ."

"ಇಲ್ಲ," ಎಂದಳು ಅವಳು.

ಮನೆಗೆ ಬಂದಾಗ ಅತ್ತೆ ಸಿಂಕಿನ ಮುಂದೆ ನಿಂತಿದ್ದರು. ಸೊಂಟ ನೆಟ್ಟಗಾಗದೆ ಒಂದು ಕೈಯನ್ನು ಕಟ್ಟೆಗೆ ಊರಿ, ಇನ್ನೊಂದರಲ್ಲಿ ರಾತ್ರಿಯ ಪಾತ್ರೆಗಳನ್ನು ಒಂದೊಂದಾಗಿ ಉಜ್ಜುತ್ತಿದ್ದರು. ಅರ್ಧವೂ ಮುಗಿದಿರಲಿಲ್ಲ. ಹೆಜ್ಜೆ ಸದ್ದಿಗೆ ತಿರುಗದೆ ಕೇಳಿದರು.

"ತೆಗೆದ್ಯಾ?"

"ತೆಗೆದೆ."

"ಬಂತಾ?"

"ಇಲ್ಲ."

ಅತ್ತೆ ನಕ್ಕರೋ ಇಲ್ಲವೋ ಬೆನ್ನಿನಿಂದ ತಿಳಿಯುವಂತಿರಲಿಲ್ಲ. ಬಾಣಲೆಯೊಂದು ಅವರ ಕೈಯಿಂದ ಜಾರಿ ಸಿಂಕಿಗೆ ಬಿತ್ತು. ಅದನ್ನು ಮತ್ತೆ ಎತ್ತಲು ಅವರಿಗೆ ಎರಡೂ ಕೈ ಬೇಕಾಯಿತು. ಬಿಡಿ ಅತ್ತೆ, ನಾನು ತೊಳೀತೀನಿ ಎಂಬ ಮಾತು ಅಭ್ಯಾಸದ ಬಲದಿಂದಲೇ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅದನ್ನು ನುಂಗಿಕೊಂಡಳು. ತೊಳೆದಿಟ್ಟಿದ್ದ ಲೋಟಗಳಲ್ಲಿ ಒಂದನ್ನು ತೆಗೆದುಕೊಂಡು ನೀರು ತುಂಬಿ, ಅಲ್ಲೇ ನಿಂತು, ಅವಸರವಿಲ್ಲದೆ ಪೂರ್ತಿ ಕುಡಿದಳು.

"ಇದೂ ಒಂದಿದೆ ಅತ್ತೆ," ಎಂದು ಲೋಟವನ್ನು ಸಿಂಕಿನಲ್ಲಿಟ್ಟು, ಹಾಲಿಗೆ ಹೋಗಿ ಸೋಫಾದಲ್ಲಿ ಕೂತಳು.